ಕುದುರೆ ಮಸಾಲೆ

ಪಾಕೀಟಿನ ಹಿಂದೆ ಸಣ್ಣಕ್ಷರದಲ್ಲಿತ್ತು:
ಚೌಳು ನೆಲಕ್ಕೆ ತಕ್ಕುದಲ್ಲ.
ಹಾಲಿನ ಸೊಸೈಟಿಯ ಕಿಟಕಿಯೊಳಗಿಂದ
ನಾನೇ ಓದಿ ಹೇಳಿದೆ.
ಬುದವಂತಿ ಆಗೇರ ಕ್ಯಾನು ಕೆಳಗಿಟ್ಟು
ಪಾಕೀಟು ಕಸಿದು, ಕಿವಿಯ ಹತ್ತಿರ ಕುಲುಕಿ,
"ಬೀಜಕ್ಕೆ ಓದೂಕೆ ಬತ್ತದ್ಯೋ, ತಮಾ?" ಅಂದಳು.

ಧಾರವಾಡದ ಬೀಜ ಅದು,
ಎರೆಮಣ್ಣಿನ ಮಗ್ಗುಲಲ್ಲಿ ಮಲಗಿ ರೂಢಿ.
ಅವಳದ್ದೋ, ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ತಾಗಿದ
ಮೂರು ಗುಂಟೆ ಗಜನಿ.
ಮಳೆಗಾಲದಲ್ಲಿ ಕಗ್ಗ ಭತ್ತ ಸೊಂಟಮಟ್ಟ ನೀರಲ್ಲಿ
ಹೇಗೋ ನಿಂತುಕೊಳ್ಳುತ್ತದೆ.
ಕೊಯ್ಲು ಮುಗಿದ ಮೇಲೆ ಬಿರಿದ ಕೆಸರು,
ಅದರ ಮೇಲೆ ತಲೆಹೊಟ್ಟಿನಂಥ ಬಿಳುಪು,
ಎಮ್ಮೆಗೆ ಮೂಸಿ ನೋಡಲೂ ಏನಿಲ್ಲ.

ದೀಪಾವಳಿ ಕಳೆದು ಏರಿ ಹಾಕಿ ಬಿತ್ತಿದಳು.
ಮೂರೆಲೆಯ ಹಸಿರು ಬಂತು.
ಶಿವರಾತ್ರಿಗೆ ಬಾವಿ ಸವಳಾಯಿತು.
ಎಲೆಯಂಚು ಬೀಡಿಯ ತುದಿಯಂತೆ ಸುಟ್ಟು
ಸಾಲಿಗೆ ಸಾಲೇ ಕೂತಲ್ಲಿ ಕೂತುಬಿಟ್ಟಿತು.
ನಿಜ ಹೇಳುತ್ತೇನೆ,
ಗೆದ್ದವನ ಹಾಗೆ ಬದುವಿನ ಮೇಲೆ ಬೈಕು ನಿಲ್ಲಿಸಿ
ಪಾಕೀಟಿನ ಮಾತು ನೆನಪಿಸಲು ಹೋಗಿದ್ದೆ.

ಸತ್ತದ್ದರ ಕಡೆ ಅವಳ ಕಣ್ಣೇ ಇಲ್ಲ.
ಬದುಕಿದ್ದನ್ನು ಎಣಿಸುತ್ತಿದ್ದಳು.
ಹನ್ನೊಂದು.
ಒಂದೊಂದರ ಬುಡಕ್ಕೆ ಒಂದೊಂದು
ಬೆಳಚಿನ ಚಿಪ್ಪು ಊರಿದ್ದಳು.
ಕೊಡದ ನೀರನ್ನು ನಾಲಿಗೆಗೆ ಹಚ್ಚಿ
(ನನ್ನ ಲ್ಯಾಕ್ಟೋಮೀಟರಿಗೆ ಆ ನಾಲಿಗೆಯಷ್ಟು ಧೈರ್ಯವಿಲ್ಲ)
ಇವತ್ತಿಗೆ ಇಷ್ಟು, ನಾಳೆಗೆ ಇನ್ನೊಂದು ಹಿಡಿ ಉಪ್ಪು ಹೆಚ್ಚು
ಎಂದು ಬೇಕೆಂತಲೇ ಕುಡಿಸುತ್ತಿದ್ದಳು.
ನಾಲ್ಕು ಹೋದವು. ಏಳು ಉಳಿದವು.

ಏಪ್ರಿಲಿನಲ್ಲಿ ನೀಲಿ ಹೂ. ಕಾಯಿ ಮಾತ್ರ ಇಲ್ಲ.
ಆ ಹೂ ಬಾಯಿ ಬಿಗಿದ ಡಬ್ಬಿ;
ಜೇನು ಬಂದು ಕದ ತುಳಿಯಬೇಕು,
ಒಳಗಿನ ಸ್ಪ್ರಿಂಗು ಟಪ್ಪನೆದ್ದು ಅದರ ಗದ್ದಕ್ಕೆ ಬಡಿಯಬೇಕು,
ಆಮೇಲೆ ಬೀಜದ ಮಾತು.
ಉಪ್ಪಿನ ಮೇಲಿನ ಈ ಬಿಸಿಲಿಗೆ
ಯಾವ ಜೇನು ಬಂದೀತು?

ಆಗರದ ಕೆಲಸಕ್ಕೆ ಮಧ್ಯಾಹ್ನ ಬಿಡುವು ಸಿಕ್ಕರೆ
ಹಾಳೆಟೊಪ್ಪಿ ಹಾಕಿ, ಕುಕ್ಕರುಗಾಲಲ್ಲಿ ಕೂತು,
ಹಿಡಿಸೂಡಿಯಿಂದ ಕಿತ್ತ ಒಂದು ಕಡ್ಡಿಯಲ್ಲಿ
ಹೂವು ಹೂವಿಗೂ ಚುಚ್ಚುತ್ತಿದ್ದಳು.
ಟಪ್.
ಈ ಗಿಡದ ಹಳದಿ ಪುಡಿ ಆ ಗಿಡಕ್ಕೆ.
ಟಪ್.
ಉಪ್ಪು ತಿಂದು ಸೀಳಿದ ಬೆರಳ ಸಂದಿಗೂ ಅಷ್ಟು ಪುಡಿ.
ಸಂಬಂಧ ಕೂಡಿಸುವ ಅವಸರ ಅವಳಿಗೆ,
ಲಗ್ನದ ಮನೆಯಲ್ಲೂ ಇಷ್ಟು ಗಡಿಬಿಡಿ ಕಂಡಿರಲಿಲ್ಲ ನಾನು;
ಮಳೆ ಬಿದ್ದರೆ ಈ ಬೇರು
ಉಪ್ಪಿಗಿಂತ ಬೇಗ ಕರಗುತ್ತದೆ.

ರೋಹಿಣಿಗೆ ಮೂರು ದಿನ ಮುಂಚೆ
ಬಸವನಹುಳದಂತೆ ಸುತ್ತಿದ ಕಾಯಿ ಕಿತ್ತಳು.
ಎಲ್ಲ ಸೇರಿ ಅರ್ಧ ಬೆಂಕಿಪೊಟ್ಟಣ.

ಎರಡನೆಯ ವರ್ಷ ಎಮ್ಮೆ ಹಗ್ಗ ಹರಿದು
ಚಿಪ್ಪಿಟ್ಟ ಗಿಡಗಳನ್ನೇ ಆರಿಸಿ ಮೇಯ್ದಿತು.
ಊರಿಗೆಲ್ಲ ಕೇಳುವಂತೆ ಬೈದಳು ಎಮ್ಮೆಯನ್ನು,
ಸಂಜೆ ಅದರ ಕೊರಳು ತುರಿಸಿದಳು.
ಇಪ್ಪತ್ತು ದಿನಕ್ಕೆ ಕೆಲವು ಬುಡ ಮತ್ತೆ ಚಿಗುರಿದವು.
ಚಿಗುರದಿದ್ದವುಗಳ ಚಿಪ್ಪು ತೆಗೆದಳು.

ಈ ವರ್ಷ ನಲವತ್ತೊಂದು ಚಿಪ್ಪು.
ನನ್ನ ರಿಜಿಸ್ಟರಿನಲ್ಲಿ ಅವಳ ಹಾಲಿನ ಫ್ಯಾಟು
ಏಳು ದಾಟಿದ್ದು ಎರಡು ವಾರ.
ಹುಣ್ಣಿಮೆಯ ಭರತಕ್ಕೆ ಜಂತ್ರಡಿಯ ಹಲಗೆ ಮುರಿದು
ಹೊಳೆ ರಾತ್ರಿಯಿಡೀ ಒಳಗೆ ಬಂದು ಕೂತಿತ್ತು.
ಬೆಳಿಗ್ಗೆ ನಾನು ಹೋಗುವಾಗ ನೀರಿಳಿದಿತ್ತು,
ಅವಳು ಬಗ್ಗಿ ಎಣಿಸುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು.
ಏನು ಹೇಳಬೇಕೋ ತಿಳಿಯಲಿಲ್ಲ.
ಸ್ಟ್ಯಾಂಡು ಹಾಕಿ ಇಳಿದೆ.

ತಲೆ ಎತ್ತದೆಯೇ ಅಂದಳು:
"ಆ ತುದಿಯಿಂದ ನೀನು ಎಣಿಸು.
ಚಪ್ಪಲಿ ಬಿಟ್ಟು ಬಾ, ಚಿಗುರಿದ್ರೆ ತುಳಿದೀ."